ಭಾದ್ರಪದ ವದ್ಯ ದಶಮಿ: 1931ನೇ ಇಸವಿಯನ್ನು ಜೋಡಿಸಿದ ಅನುಭವ

2009ರ ಬೇಸಿಗೆಯಲ್ಲಿ ಸಿದ್ದಾಪುರ ತಾಲೂಕಿನ ನಮ್ಮ ಮೂಲಮನೆಯ ಮಾಡನ್ನು ಇಳಿಸಿ ಹೊಸದಾಗಿ ಹೊದಿಸುವ ಕೆಲಸ ನಡೆದಾಗ, ಅಟ್ಟದ ಮೂಲೆಯಲ್ಲಿದ್ದ ಹಲಸಿನ ಮರದ ಪೆಟ್ಟಿಗೆಯಿಂದ ಅಜ್ಜನ ಕೈಬರಹದ ಲೆಕ್ಕದ ಪುಸ್ತಕಗಳು ಹೊರಬಂದವು. ಉದ್ದಕ್ಕೆ ಮಡಚಿ ನಡುವೆ ಹೊಲಿದ, ಮಾಸಿದ ಕೆಂಪು ಬಟ್ಟೆಯ ಹೊದಿಕೆಯ ಒಂಬತ್ತು ಪುಸ್ತಕಗಳವು. ಅವುಗಳಲ್ಲಿ ಎರಡು, ಒಂದರ ಬೆನ್ನಿಗೆ ಇನ್ನೊಂದು ಬರುವಂಥವು, ಸೇರಿ 1931ನೇ ಇಸವಿಯ ಬಹುಪಾಲನ್ನು ಒಳಗೊಂಡಿದ್ದವು. ಪ್ರೌಢಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಇತಿಹಾಸ ಕಲಿಸಿ ಆಗಷ್ಟೇ ನಿವೃತ್ತನಾಗಿದ್ದ ನನಗೆ ಆ ಇಸವಿಯ ಘಟನೆಗಳು ಬಾಯಿಪಾಠವಾಗಿದ್ದವು. ಆದರೆ ಆ ಘಟನೆಗಳು ನಡೆಯುತ್ತಿದ್ದಾಗ ನಮ್ಮ ಮನೆಯಲ್ಲಿ ಏನು ನಡೆದಿತ್ತು ಎಂಬುದನ್ನು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಎರಡನ್ನೂ ಒಂದೇ ಹಾಳೆಯ ಮೇಲೆ, ದಿನಕ್ಕೆ ದಿನ ಹೊಂದಿಸಿ ನೋಡಬೇಕೆಂದು ಅಂದೇ ನಿರ್ಧರಿಸಿದೆ. ಆ ಕೆಲಸ ಹದಿನಾಲ್ಕು ತಿಂಗಳು ಹಿಡಿಯಿತು.

ಮೊದಲು ಮಾಡಿದ್ದು ಹಾಳೆಯ ಏರ್ಪಾಡು. ಅಂಗಡಿಯಲ್ಲಿ ಸಾಮಾನು ಕಟ್ಟಲು ಬಳಸುವ ಕಂದು ಕಾಗದದ ಸುರುಳಿಯೊಂದನ್ನು ತಂದು, ತಿಂಗಳಿಗೆ ಎರಡು ಮೊಳದಂತೆ ಹನ್ನೆರಡು ತುಂಡು ಮಾಡಿ, ಜಗಲಿಯ ಗೋಡೆಗೆ ಸಾಲಾಗಿ ಅಂಟಿಸಿದೆ. ಪ್ರತಿ ತುಂಡಿನಲ್ಲೂ ಮೂರು ಪಟ್ಟೆಗಳು: ಮೇಲೆ ಹೊರದೇಶಗಳದ್ದು, ನಡುವೆ ಹಿಂದುಸ್ಥಾನದ್ದು, ಕೆಳಗೆ ನಮ್ಮ ಮನೆಯದ್ದು. ಎರಡು ಕಡೆ ಓದಿ ಖಚಿತವಾಗುವವರೆಗೆ ಯಾವ ಘಟನೆಯನ್ನೂ ಗೋಡೆಗೆ ಏರಿಸಬಾರದು, ಖಚಿತವಾದುದನ್ನು ಬೇರೆ ಚೀಟಿಯ ಮೇಲೆ ಬರೆದು ಅನ್ನದ ಗಂಜಿಯಿಂದ ಹಗುರವಾಗಿ ಅಂಟಿಸಬೇಕು ಎಂದು ನಿಯಮ ಮಾಡಿಕೊಂಡೆ. ಹಗುರವಾಗಿ ಅಂಟಿಸಿದ್ದರಿಂದಲೇ ಮುಂದೆ ಒಂದು ಚೀಟಿಯನ್ನು ಕಿತ್ತು ಬೇರೆಡೆಗೆ ಸರಿಸುವುದು ಸಾಧ್ಯವಾಯಿತು.

ಲೆಕ್ಕದ ಪುಸ್ತಕವನ್ನು ಓದಲು ಕಲಿಯುವುದಕ್ಕೇ ಎರಡು ತಿಂಗಳು ಬೇಕಾಯಿತು. ಅಂಕೆಗಳೆಲ್ಲ ಕನ್ನಡದವು. ಅದು ತೊಡಕಾಗಲಿಲ್ಲ. ರೂಪಾಯಿಯ ಕಾಲು, ಅರೆ, ಮುಕ್ಕಾಲನ್ನು ನಿಂತ ಗೆರೆಗಳಿಂದಲೂ ಅದಕ್ಕೂ ಕೆಳಗಿನ ಆಣೆಗಳನ್ನು ಅಡ್ಡಗೆರೆಗಳಿಂದಲೂ ತೋರಿಸುವ ಹಳೆಯ ಪದ್ಧತಿ ನನಗೆ ಹೊಸದಾಗಿತ್ತು. ಹದಿನಾರು ಆಣೆಗೆ ಒಂದು ರೂಪಾಯಿ, ಹನ್ನೆರಡು ಪೈಗೆ ಒಂದು ಆಣೆ ಎಂಬುದನ್ನು ತಿಳಿದಿರುವುದು ಬೇರೆ, ಆ ಲೆಕ್ಕದಲ್ಲಿ ಕೂಡಿಸಿ ಕಳೆಯುವುದು ಬೇರೆ. ಪುಟದ ಕೊನೆಯ ಮೊತ್ತ ನನ್ನ ಮೊತ್ತಕ್ಕೆ ತಾಳೆಯಾಗುವವರೆಗೆ ಮುಂದಿನ ಪುಟಕ್ಕೆ ಹೋಗದೆ ಕುಳಿತೆ. ಅಜ್ಜನ ವರ್ಷ ಜನವರಿಯಲ್ಲಿ ಆರಂಭವಾಗುತ್ತಿರಲಿಲ್ಲ. ದೀಪಾವಳಿಯ ಬಲಿಪಾಡ್ಯಮಿಯಂದು ಹೊಸ ಪುಸ್ತಕಕ್ಕೆ ಪೂಜೆ ಮಾಡಿ, ಮೊದಲ ಪುಟದಲ್ಲಿ ಶ್ರೀಕಾರ ಬರೆದು ಲೆಕ್ಕ ತೊಡಗುತ್ತಿದ್ದರು. ತಾರೀಖಿನ ಜಾಗದಲ್ಲಿ ಮಾಸ, ಪಕ್ಷ, ತಿಥಿ, ವಾರಗಳಿದ್ದವು. ಹೀಗಾಗಿ ನಮ್ಮ ಮನೆಯ 1931 ಪ್ರಮೋದೂತ ಸಂವತ್ಸರದ ಕೊನೆಯಲ್ಲಿ ಶುರುವಾಗಿ ಪ್ರಜೋತ್ಪತ್ತಿ ಸಂವತ್ಸರದ ಮಾರ್ಗಶಿರದಲ್ಲಿ ಮುಗಿಯುತ್ತಿತ್ತು.

ತಾಳೆ ಹಾಕಲು ಒದಗಿದ ಮೊದಲ ನಮೂದು ಫಾಲ್ಗುಣ ಶುದ್ಧದ್ದು: ‘ಖಾನೇಸುಮಾರಿ ಮಂದಿಗೆ ಅವಲಕ್ಕಿ, ಬೆಲ್ಲ’. ಜನಗಣತಿಗೆ ನಮ್ಮ ಕಡೆಯ ಹಿರಿಯರು ಬಳಸುತ್ತಿದ್ದ ಮಾತು ಅದು. 1931ರ ಜನಗಣತಿ ಫೆಬ್ರುವರಿ 26ರ ರಾತ್ರಿಯದ್ದು. ಜಾತಿವಾರು ಎಣಿಕೆಯನ್ನು ಪೂರ್ತಿಯಾಗಿ ಪ್ರಕಟಿಸಿದ ಕೊನೆಯ ಗಣತಿಯೆಂದು ಇಂದಿಗೂ ಅದರ ಹೆಸರು ಕೇಳಿಬರುತ್ತದೆ. ಬರ್ಮಾವೂ ಸೇರಿ ಅಂದಿನ ಹಿಂದುಸ್ಥಾನದ ಜನಸಂಖ್ಯೆ ಸುಮಾರು 35 ಕೋಟಿ. ಈ ಗಣತಿಯನ್ನು ಬಹಿಷ್ಕರಿಸುವಂತೆ ಕಾಂಗ್ರೆಸ್ ಕರೆ ಕೊಟ್ಟಿತ್ತು. ನಮ್ಮ ಮನೆಯವರು ಎಣಿಸಲು ಬಂದವರಿಗೆ ಅವಲಕ್ಕಿ ಕೊಟ್ಟು ಲೆಕ್ಕದಲ್ಲೂ ಬರೆದಿದ್ದಾರೆ. ತಿಥಿಯೂ ತಾರೀಖೂ ಸರಿಯಾಗಿ ಕೂಡಿದ ಆ ದಿನ, ಪುಸ್ತಕವು ನನ್ನೊಡನೆ ಮಾತಿಗೆ ಕುಳಿತಿದೆ ಎನ್ನಿಸಿತು.

ವರ್ಷದ ಮೊದಲ ಮೂರು ತಿಂಗಳ ನಡುಪಟ್ಟೆ ಬೇಗ ಭರ್ತಿಯಾಯಿತು. ಜನವರಿ ಕೊನೆಯಲ್ಲಿ ಗಾಂಧೀಜಿ ಯೆರವಡಾ ಸೆರೆಮನೆಯಿಂದ ಹೊರಬಂದರು. ಫೆಬ್ರುವರಿ 6ರಂದು ಮೋತಿಲಾಲ್ ನೆಹರೂ ತೀರಿಕೊಂಡರು. 13ರಂದು ಹೊಸದಿಲ್ಲಿಯ ಉದ್ಘಾಟನೆಯಾಯಿತು. 27ರಂದು ಅಲಹಾಬಾದಿನ ಆಲ್‌ಫ್ರೆಡ್ ಪಾರ್ಕಿನಲ್ಲಿ ಚಂದ್ರಶೇಖರ ಆಜಾದ್ ಪ್ರಾಣ ಬಿಟ್ಟರು. ಮಾರ್ಚ್ 5ರಂದು ಗಾಂಧಿ–ಇರ್ವಿನ್ ಒಪ್ಪಂದಕ್ಕೆ ಸಹಿ ಬಿತ್ತು. 14ರಂದು ಮುಂಬಯಿಯ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ದೇಶದ ಮೊದಲ ಮಾತಿನ ಚಿತ್ರ ಆಲಂ ಆರಾ ತೆರೆಕಂಡಿತು. 20ರಂದು ಯುಗಾದಿ. ಯುಗಾದಿ ಕಳೆದ ಮೂರನೆಯ ದಿನ, 23ರ ಸಂಜೆ, ಲಾಹೋರಿನಲ್ಲಿ ಭಗತ್ ಸಿಂಗ್, ರಾಜಗುರು, ಸುಖದೇವ್ ಅವರನ್ನು ಗಲ್ಲಿಗೇರಿಸಿದರು. ಆ ವಾರದ ಕೆಳಪಟ್ಟೆಗಾಗಿ ನಾನು ಪುಸ್ತಕದ ಆ ಪುಟವನ್ನು ಹಲವು ಸಲ ತಿರುವಿ ನೋಡಿದೆ. ಅಲ್ಲಿದ್ದದ್ದು ಉಪ್ಪು, ಸೀಮೆಎಣ್ಣೆ, ಸೊಪ್ಪು ಹೊರುವ ಆಳಿನ ಕೂಲಿ. ಒಂದು ಅಕ್ಷರವಾದರೂ ಸಿಕ್ಕೀತು ಎಂದು ಹಂಬಲಿಸಿದ್ದೆ. ಸಿಗಲಿಲ್ಲ. ಇದ್ದುದನ್ನು ಇದ್ದಂತೆ ಬರೆದು ಅಂಟಿಸಿದೆ.

ಒಪ್ಪಂದದ ವಿಷಯ ಹಾಗಲ್ಲ, ಅದು ನಮ್ಮ ಸೀಮೆಯ ಗದ್ದೆ ತೋಟಗಳನ್ನೇ ಮುಟ್ಟುವಂಥದ್ದು. ಉತ್ತರ ಕನ್ನಡವು ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಂಕೋಲಾ, ಸಿದ್ದಾಪುರ ತಾಲೂಕುಗಳ ಅನೇಕ ರೈತರು ಕರನಿರಾಕರಣೆಗೆ ನಿಂತು ಜಮೀನು, ಪಾತ್ರೆಪಗಡ, ದನಕರುಗಳನ್ನು ಜಪ್ತಿಗೆ ಕಳೆದುಕೊಂಡವರು. ಸರಕಾರದ ವಶದಲ್ಲೇ ಉಳಿದಿದ್ದ ಜಮೀನನ್ನು ಹಿಂದಿರುಗಿಸಬೇಕೆಂದು ಒಪ್ಪಂದ ಹೇಳಿತು, ಮೂರನೆಯವರಿಗೆ ಮಾರಿಹೋದದ್ದರ ಮೇಲೆ ಸರಕಾರಕ್ಕೆ ಇನ್ನು ಹೊಣೆಯಿಲ್ಲವೆಂದಿತು. ದೇಶದ ಇತಿಹಾಸದಲ್ಲಿ ಇದೊಂದು ಉಪವಾಕ್ಯ ಮಾತ್ರ. ಜಮೀನು ಹರಾಜಾಗಿದ್ದವರಿಗೆ ಇಡೀ ಒಪ್ಪಂದದ ತಿರುಳೇ ಅದಾಗಿತ್ತು. ಅಜ್ಜ ಕರನಿರಾಕರಣೆಗೆ ಸೇರಿದವರಲ್ಲ, ತೀರ್ವೆ, ಅಂದರೆ ಭೂಕಂದಾಯ, ಕಟ್ಟಿದ ನಮೂದು ಪುಸ್ತಕದಲ್ಲಿದೆ. ಅದನ್ನು ಮರೆಮಾಚಲು ನನಗೆ ಮನಸ್ಸಾಗಲಿಲ್ಲ.

ಆರ್ಥಿಕ ಮುಗ್ಗಟ್ಟನ್ನು ಗೋಡೆಯ ಮೇಲೆ ಹೇಗೆ ತೋರಿಸುವುದು ಎಂಬುದು ಮುಂದಿನ ತೊಡಕು. ಅದಕ್ಕೆ ಇಂಥ ದಿನ ಎಂಬುದಿಲ್ಲ. ಶಾಲೆಯಲ್ಲಿ ನಾನೂ 1929ರ ಅಕ್ಟೋಬರಿನ ನ್ಯೂಯಾರ್ಕ್ ಷೇರುಪೇಟೆಯ ಕುಸಿತವನ್ನು ಹೇಳಿ ಮುಂದೆ ಸಾಗುತ್ತಿದ್ದವನೇ. ಕಲ್ಕತ್ತೆಯ ಸಗಟು ಬೆಲೆಗಳ ಸೂಚ್ಯಂಕವನ್ನು ನೋಡಿದಾಗಲೇ ಅದರ ಇಳಿಜಾರು ಕಣ್ಣಿಗೆ ಕಟ್ಟಿದ್ದು. 1914ರ ಜುಲೈ ತಿಂಗಳ ಬೆಲೆಗಳನ್ನು 100 ಎಂದು ಹಿಡಿದರೆ 1929ರಲ್ಲಿ ಅದು 141, 1930ರಲ್ಲಿ 116, 1931ರಲ್ಲಿ 96. ಎರಡೇ ವರ್ಷಗಳಲ್ಲಿ ಮೂರನೆಯ ಒಂದು ಪಾಲು ಹೋಗಿತ್ತು. ಅಜ್ಜನ ಅಡಿಕೆಯ ದರ ಇದಕ್ಕಿಂತಲೂ ಕೆಳಗಿಳಿದಿತ್ತು: 1931ರ ಮಳೆಗಾಲಕ್ಕೆ ಮುಂಚೆ ಶಿರಸಿಯ ಪೇಟೆಯಲ್ಲಿ ಅವರ ಕೈಗೆ ಬಂದ ಹಣ, ಎರಡು ವರ್ಷ ಹಿಂದೆ ಅಷ್ಟೇ ತೂಕದ ಅಡಿಕೆಗೆ ಬಂದುದರ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಅತ್ತ ತೀರ್ವೆ ಒಂದು ಆಣೆಯೂ ಇಳಿದಿರಲಿಲ್ಲ. ಸಾವಕಾರರ ಅಸಲು ಇಳಿಯುವ ಮಾತೇ ಇಲ್ಲ, ಬಡ್ಡಿ ಮಾತ್ರ ತಪ್ಪದೆ ಬೆಳೆಯುತ್ತಿತ್ತು. ಬೆಳೆ ಮಣದ ಲೆಕ್ಕದಲ್ಲಿ, ಸಾಲ ರೂಪಾಯಿಯ ಲೆಕ್ಕದಲ್ಲಿ. ರೂಪಾಯಿ ಬಿಗಿಯಾದಷ್ಟೂ ಅದೇ ಸಾಲವನ್ನು ತೀರಿಸಲು ಹೆಚ್ಚು ಮಣ ಅಡಿಕೆ ಬೇಕಾಗುತ್ತಿತ್ತು. ಮಾರ್ಚ್ ಕೊನೆಯಲ್ಲಿ ವಲ್ಲಭಭಾಯಿ ಪಟೇಲರ ಅಧ್ಯಕ್ಷತೆಯ ಕರಾಚಿ ಕಾಂಗ್ರೆಸ್ ಅಧಿವೇಶನವು ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ ಭೂಕಂದಾಯವನ್ನು ತಗ್ಗಿಸುವ ಮಾತನ್ನೂ ಸೇರಿಸಿದ್ದು ಏಕೆಂದು ನನಗೆ ತಿಳಿದದ್ದು, ಪಠ್ಯಪುಸ್ತಕದಿಂದಲ್ಲ, ಈ ಎರಡು ಪುಟಗಳನ್ನು ಪಕ್ಕದಲ್ಲಿಟ್ಟು ನೋಡಿದ ಮೇಲೆ.

ಮೇಲಿನ ಪಟ್ಟೆಯಲ್ಲಿ ಮೊದಮೊದಲು ನಾನು ಕಂಡದ್ದನ್ನೆಲ್ಲ ಅಂಟಿಸಿದ್ದೆ. ಮೇ 1ರಂದು ನ್ಯೂಯಾರ್ಕಿನಲ್ಲಿ ಎಂಪೈರ್ ಸ್ಟೇಟ್ ಕಟ್ಟಡದ ಉದ್ಘಾಟನೆ, ಏಪ್ರಿಲ್ 14ರಂದು ಸ್ಪೇನಿನಲ್ಲಿ ಗಣರಾಜ್ಯದ ಘೋಷಣೆ, ಅಕ್ಟೋಬರಿನಲ್ಲಿ ಷಿಕಾಗೋದ ಅಲ್ ಕಪೋನನಿಗೆ ತೆರಿಗೆ ವಂಚನೆಗಾಗಿ ಶಿಕ್ಷೆ, ಅದೇ ಅಕ್ಟೋಬರ್ 18ರಂದು ಎಡಿಸನ್ನರ ಮರಣ. ಯಾವ ಭಾಷೆಯ ವರ್ಷಪಟ್ಟಿಯನ್ನು ತೆರೆದರೂ ಇವು ಇದ್ದೇ ಇರುತ್ತವೆ. ಜುಲೈ, ಆಗಸ್ಟ್ ತಿಂಗಳಲ್ಲಿ ಚೀನಾದ ಯಾಂಗ್‌ಟ್ಸೆ ನದಿಯ ನೆರೆಯಲ್ಲಿ ಲಕ್ಷಾಂತರ ಜನ ಸತ್ತದ್ದು ಮಾತ್ರ ಎಷ್ಟೋ ಪಟ್ಟಿಗಳಲ್ಲಿ ಇರುವುದಿಲ್ಲ. ಮುಗಿಲು ಮುಟ್ಟುವ ಕಟ್ಟಡಕ್ಕಿರುವ ಜಾಗ ಅಷ್ಟು ಜನರ ಸಾವಿಗೆ ಇಲ್ಲದಿರುವುದು ನನ್ನನ್ನು ನಿಜವಾಗಿಯೂ ನೋಯಿಸಿತು. ಜಾಗವೂ ಕಡಿಮೆಯಾಗುತ್ತ ಬಂದುದರಿಂದ ನಾಲ್ಕಾರು ಚೀಟಿಗಳನ್ನು ತೆಗೆದು ಪೆಟ್ಟಿಗೆಯಲ್ಲಿಟ್ಟೆ. ಒಂದರಿಂದ ಇನ್ನೊಂದು ಹುಟ್ಟಿದ ಘಟನೆಗಳನ್ನು ಮಾತ್ರ ಬಿಡದೆ ಹಿಡಿದುಕೊಂಡೆ.

ಆ ಸರಪಳಿ ಮೇ 11ರಂದು ವಿಯೆನ್ನಾದಲ್ಲಿ ಆರಂಭವಾಗುತ್ತದೆ. ಆಸ್ಟ್ರಿಯಾದ ಅತಿ ದೊಡ್ಡ ಬ್ಯಾಂಕಾದ ಕ್ರೆಡಿಟ್‌ಆನ್‌ಸ್ಟಾಲ್ಟ್ ತಾನು ಮುಳುಗುವ ಸ್ಥಿತಿಯಲ್ಲಿದ್ದೇನೆಂದು ಅಂದು ಪ್ರಕಟವಾಯಿತು. ಹಣ ಇಟ್ಟವರು ಗಾಬರಿಯಾಗಿ ಹಿಂತೆಗೆಯತೊಡಗಿದರು. ಭೀತಿ ಜರ್ಮನಿಗೆ ದಾಟಿತು. ಜೂನ್ 20ರಂದು ಅಮೆರಿಕದ ಅಧ್ಯಕ್ಷ ಹೂವರ್ ಯುದ್ಧಸಾಲಗಳ ಪಾವತಿಯನ್ನು ಒಂದು ವರ್ಷ ತಡೆಹಿಡಿಯಲು ಸೂಚಿಸಿದರೂ ಪ್ರಯೋಜನವಾಗಲಿಲ್ಲ. ಜುಲೈ 13ರಂದು ಜರ್ಮನಿಯ ಡಾನಾಟ್ ಬ್ಯಾಂಕ್ ಬಾಗಿಲು ಹಾಕಿತು. ಅಮೆರಿಕದಲ್ಲೇ ಆ ವರ್ಷ ಮುಚ್ಚಿದ ಬ್ಯಾಂಕುಗಳು ಸುಮಾರು 2,300. ಬಳಿಕ ಎಲ್ಲರ ಕಣ್ಣು ಲಂಡನ್ನಿನ ಮೇಲೆ ಬಿದ್ದಿತು: ಪೌಂಡು ಕೊಟ್ಟರೆ ಚಿನ್ನ ಕೊಡುತ್ತೇವೆಂದು ಮಾತು ಕೊಟ್ಟಿದ್ದ ಬ್ಯಾಂಕ್ ಆಫ್ ಇಂಗ್ಲೆಂಡಿನಿಂದ ಚಿನ್ನ ಸೋರತೊಡಗಿತು. ಆಗಸ್ಟ್ 24ರಂದು ರಾಮ್ಸೆ ಮ್ಯಾಕ್‌ಡೊನಾಲ್ಡ್ ಅವರ ಮುಂದಾಳ್ತನದಲ್ಲಿ ಎಲ್ಲ ಪಕ್ಷಗಳವರನ್ನು ಸೇರಿಸಿಕೊಂಡ ರಾಷ್ಟ್ರೀಯ ಸರಕಾರ ರಚನೆಯಾಗಿ, ಸಂಬಳವನ್ನೂ ನಿರುದ್ಯೋಗಿಗಳ ಭತ್ಯೆಯನ್ನೂ ಕಡಿತಗೊಳಿಸಲು ಹೊರಟಿತು.

ಸೆಪ್ಟೆಂಬರ್ 15ರಿಂದ 21ರವರೆಗಿನ ಏಳು ದಿನಗಳನ್ನು ಅಂಟಿಸುವಾಗ ಕಾಗದದಲ್ಲಿ ಜಾಗ ಸಾಲದೆ ಕೆಳಗಡೆ ಇನ್ನೊಂದು ತುಂಡನ್ನು ಸೇರಿಸಬೇಕಾಯಿತು. 15ರಂದು ಸ್ಕಾಟ್ಲೆಂಡಿನ ಇನ್ವರ್‌ಗಾರ್ಡನ್ನಿನಲ್ಲಿ ಬ್ರಿಟಿಷ್ ನೌಕಾಪಡೆಯ ನಾವಿಕರು ಸಂಬಳ ಕಡಿತದ ವಿರುದ್ಧ ಕೆಲಸ ನಿಲ್ಲಿಸಿದರು. 16ರಂದು ಬಂಗಾಳದ ಹಿಜಲಿ ಬಂಧನ ಶಿಬಿರದಲ್ಲಿ ನಿರಾಯುಧ ಬಂಧಿಗಳ ಮೇಲೆ ಗುಂಡು ಹಾರಿತು, ಇಬ್ಬರು ಸತ್ತರು. 18ರ ರಾತ್ರಿ ಮುಕ್ಡೆನ್ ಬಳಿ ರೈಲುಹಳಿಯ ಮೇಲೆ ತಾವೇ ಸ್ಫೋಟ ನಡೆಸಿ, ಅದನ್ನೇ ನೆಪ ಮಾಡಿಕೊಂಡು ಜಪಾನಿ ಸೈನಿಕರು ಮಂಚೂರಿಯಾಕ್ಕೆ ನುಗ್ಗಿದರು. 21, ಸೋಮವಾರ, ಬ್ರಿಟನ್ ಚಿನ್ನದ ಪ್ರಮಾಣವನ್ನು ಕೈಬಿಟ್ಟಿತು. ಪೌಂಡಿಗೆ ಇಷ್ಟು ಚಿನ್ನ ಎಂಬ ಮಾತು ಅಂದಿಗೆ ಮುಗಿಯಿತು. ಎರಡನೆಯ ದುಂಡುಮೇಜಿನ ಪರಿಷತ್ತಿಗೆಂದು ಹೋಗಿದ್ದ ಗಾಂಧೀಜಿ ಆ ದಿನ ಲಂಡನ್ನಿನಲ್ಲೇ ಇದ್ದರು. ಸೋಮವಾರ ಅವರ ಮೌನದ ದಿನ. ಮೈಸೂರಿನ ದಿವಾನರಾಗಿದ್ದ ಮಿರ್ಜಾ ಇಸ್ಮಾಯಿಲ್ ಅವರೂ ಪರಿಷತ್ತಿನ ಸದಸ್ಯರಾಗಿದ್ದರು. ಹಿಂದುಸ್ಥಾನದ ರೂಪಾಯಿಯನ್ನು ಇನ್ನು ಮುಂದೆ ಚಿನ್ನಕ್ಕಲ್ಲ, ಪೌಂಡಿಗೇ 1 ಶಿಲ್ಲಿಂಗ್ 6 ಪೆನ್ಸ್ ದರದಲ್ಲಿ ಬಿಗಿದು ಕಟ್ಟಲಾಗುವುದೆಂದು ಇಂಡಿಯಾ ಮಂತ್ರಿ ಸ್ಯಾಮ್ಯುಯೆಲ್ ಹೋರ್ ಪ್ರಕಟಿಸಿದರು. ಪೌಂಡಿನ ಬೆಲೆ ಚಿನ್ನದೆದುರು ಕುಸಿದಂತೆ ರೂಪಾಯಿಯೂ ಅದರೊಡನೆ ಕುಸಿಯಿತು, ಅಂದರೆ ರೂಪಾಯಿಯ ಲೆಕ್ಕದಲ್ಲಿ ಚಿನ್ನ ಏರಿತು. ಅಡಿಕೆ, ಹತ್ತಿ, ಭತ್ತ ಎಲ್ಲವೂ ನೆಲಕಚ್ಚಿದ್ದ ವರ್ಷದಲ್ಲಿ ಏರಿದ ವಸ್ತು ಅದೊಂದೇ.

ಈ ಹಂತದಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದ್ದೆ. ಅದನ್ನು ವಿವರವಾಗಿ ಹೇಳಬೇಕು.

ಪುಸ್ತಕದಲ್ಲಿ ಭಾದ್ರಪದ ವದ್ಯ ದಶಮಿ, ಮಂಗಳವಾರದ ಜಮಾ ಬದಿಯಲ್ಲಿ ಹೀಗಿತ್ತು: ‘ಪಾಟಲಿ ಜೋಡು 1, ತೂಕ ತೊಲೆ 5, ದರ 23 ರೂ. 8 ಆಣೆ, ಬಂದದ್ದು 117 ರೂ. 8 ಆಣೆ’. ಅದೇ ದಿನದ ಖರ್ಚಿನ ಬದಿಯಲ್ಲಿ ಸಾವಕಾರರ ಖಾತೆಗೆ 110 ರೂಪಾಯಿ. ಅಜ್ಜಿಯ ಕೈಯ ಪಾಟಲಿಗಳವು, ಚಿನ್ನದ ಬಳೆಗಳು. ಅಜ್ಜ ಶಾಯಿಯನ್ನು ಒರೆಸದೆ ಪುಟ ಮಡಚಿದ್ದರೋ ಏನೋ, 117ರ ಅಂಕೆಗಳು ಎದುರಿನ ಪುಟದಲ್ಲಿ ತಲೆಕೆಳಗಾಗಿ ಅಲ್ಲ, ಕನ್ನಡಿಯಲ್ಲಿ ಕಂಡಂತೆ ತಿರುಗಿ ಅಚ್ಚಾಗಿದ್ದವು. ಬೇರೆ ಯಾವ ಪುಟದಲ್ಲೂ ಹೀಗಾಗಿರಲಿಲ್ಲ.

ಈ ತಿಥಿಯನ್ನು ತಾರೀಖಿಗೆ ತಿರುಗಿಸಲು ನಾನು ಯುಗಾದಿಯಿಂದ ಎಣಿಸಿದೆ. ಚೈತ್ರ, ವೈಶಾಖ, ಜ್ಯೇಷ್ಠ, ಆಷಾಢ, ಶ್ರಾವಣ ಎಂದು ಐದು ಮಾಸ ಕಳೆದು ಭಾದ್ರಪದದ ಇಪ್ಪತ್ತೈದನೆಯ ತಿಥಿ. ಲೆಕ್ಕ ಸೆಪ್ಟೆಂಬರ್ 7ಕ್ಕೆ ಬಂದು ನಿಂತಿತು. ಆ ದಿನ ಸೋಮವಾರ. ಪುಸ್ತಕದಲ್ಲಿ ಮಂಗಳವಾರ ಎಂದಿದ್ದರೂ ತಿಥಿಗಳಲ್ಲಿ ಒಂದು ದಿನದ ಹೆಚ್ಚುಕಡಿಮೆ ಇದ್ದದ್ದೇ ಎಂದು ಸಮಾಧಾನ ಮಾಡಿಕೊಂಡು ಚೀಟಿಯನ್ನು ಅಂಟಿಸಿದೆ. ಹಾಗೆ ಅಂಟಿಸಿದ ಮೇಲೆ ಗೋಡೆಯ ಮೇಲೆ ಒಂದು ಕಥೆ ತಾನೇ ತಾನಾಗಿ ಮೂಡಿತು: ಲಂಡನ್ನಿನ ನಿರ್ಧಾರದಿಂದ ಚಿನ್ನದ ಬೆಲೆ ಏರುವುದಕ್ಕೆ ಬರೇ ಎರಡು ವಾರ ಮುಂಚೆ, ಏನೂ ತಿಳಿಯದೆ, ಅಜ್ಜ ಪಾಟಲಿಗಳನ್ನು ಅಗ್ಗಕ್ಕೆ ಕೊಟ್ಟುಬಿಟ್ಟರು. ಈ ಕಥೆಯನ್ನು ನಾನು ನಂಬಿದೆ. ಮನೆಗೆ ಬಂದ ನೆಂಟರಿಗೆಲ್ಲ ಗೋಡೆಯ ಮುಂದೆ ನಿಲ್ಲಿಸಿ ಹೇಳಿದೆ. ಎಂಬತ್ತೈದು ವರ್ಷದ ನನ್ನ ಸೋದರತ್ತೆಗೂ ಹೇಳಿದೆ. 1931ರಲ್ಲಿ ಅವರಿಗೆ ಏಳು ವರ್ಷ. ಅವರು ಬಹಳ ಹೊತ್ತು ಸುಮ್ಮನಿದ್ದು, “ಆಯಿ ಕೈಯಲ್ಲಿ ಗಾಜಿನ ಬಳೆ ಬಿಟ್ರೆ ಏನೂ ಇತ್ತಿಲ್ಲೆ ತಮಾ, ಅಷ್ಟು ನೆನಪಿದ್ದು” ಎಂದರು. ನನ್ನ ಕಥೆಗೆ ಅವರು ಹೌದು ಎನ್ನಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ.

ಅನುಮಾನ ಹುಟ್ಟಿದ್ದು ದರದಿಂದ. ಎರಡು ಕಡೆ ನೋಡಬೇಕೆಂಬ ನಿಯಮದಂತೆ, ಅಂದಿನ ಚಿನ್ನದ ದರವನ್ನು ತಿಳಿಯಲು ದೂರದ ಊರಿನ ಗ್ರಂಥಾಲಯವೊಂದಕ್ಕೆ ಹೋಗಿ, ಮುಂಬಯಿಯ ಹಳೆಯ ದಿನಪತ್ರಿಕೆಯ ಮೈಕ್ರೋಫಿಲ್ಮನ್ನು ನಾಲ್ಕು ದಿನ ತಿರುವಿದೆ. ಯಂತ್ರದ ಹಿಡಿಯನ್ನು ತಿರುಗಿಸಿದಂತೆ ದಿನಗಳು ಓಡುತ್ತವೆ, ಚಿನಿವಾರ ಪೇಟೆಯ ವರದಿ ಪುಟದ ತುದಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿರುತ್ತದೆ. 1927ರ ನಾಣ್ಯ ಕಾನೂನಿನಂತೆ ಸರಕಾರದ ದರ ತೊಲೆಗೆ 21 ರೂಪಾಯಿ 3 ಆಣೆ 10 ಪೈ. ಸೆಪ್ಟೆಂಬರ್ ಮೊದಲ ವಾರಗಳಲ್ಲಿ ಪೇಟೆಯ ದರವೂ ಅದರ ಆಸುಪಾಸಿನಲ್ಲೇ, 22ಕ್ಕಿಂತ ಕೆಳಗೆ ಇತ್ತು. ಹಾಗಿದ್ದರೆ ಸೆಪ್ಟೆಂಬರ್ 7ರಂದು, ಮುಂಬಯಿಯಿಂದ ಅಷ್ಟು ದೂರದ ಸಿದ್ದಾಪುರದಲ್ಲಿ, ತನ್ನ ಲಾಭವನ್ನು ಇಟ್ಟುಕೊಂಡೇ ಕೊಳ್ಳುವ ವ್ಯಾಪಾರಿ 23 ರೂಪಾಯಿ 8 ಆಣೆ ಕೊಟ್ಟದ್ದು ಹೇಗೆ? ಕೊಡಲಾರ. ಬಸ್ಸಿನಲ್ಲಿ ಊರಿಗೆ ಮರಳುವಾಗ ದಾರಿಯುದ್ದಕ್ಕೂ ಇದೇ ಲೆಕ್ಕ ತಲೆಯಲ್ಲಿ ಸುತ್ತುತ್ತಿತ್ತು.

ಉತ್ತರ ಪುಸ್ತಕದಲ್ಲೇ ಇತ್ತು. ಪಾಟಲಿಯ ನಮೂದಿಗೆ ಒಂದು ಪುಟ ಹಿಂದೆ, ಭಾದ್ರಪದದ ಹುಣ್ಣಿಮೆಯಂದು ‘ಗ್ರಹಣ, ದಾನ 2 ಆಣೆ’ ಎಂದು ಬರೆದಿತ್ತು. ಅದನ್ನು ಓದಿಯೂ ನಾನು ದಾಟಿಹೋಗಿದ್ದೆ. ಚೈತ್ರದ ಹುಣ್ಣಿಮೆಯಲ್ಲೂ ಅಂಥದೇ ಒಂದು ನಮೂದಿತ್ತು. ಗ್ರಹಣವನ್ನು ಯಾರೂ ತಮಗೆ ಬೇಕಾದ ದಿನಕ್ಕೆ ಸರಿಸಲಾಗದು. 1931ರಲ್ಲಿ ಎರಡು ಖಗ್ರಾಸ ಚಂದ್ರಗ್ರಹಣಗಳಾದವು, ಒಂದು ಏಪ್ರಿಲ್ 2ರ ರಾತ್ರಿ, ಇನ್ನೊಂದು ಸೆಪ್ಟೆಂಬರ್ 26ರ ರಾತ್ರಿ. ಎರಡೂ ನಮ್ಮ ದೇಶಕ್ಕೆ ನಡುರಾತ್ರಿಯ ಬಳಿಕ ಕಂಡವು. ಒಂದರಿಂದ ಇನ್ನೊಂದಕ್ಕೆ 177 ದಿನ, ಅಂದರೆ ಆರು ಹುಣ್ಣಿಮೆ. ಚೈತ್ರದಿಂದ ಭಾದ್ರಪದಕ್ಕೆ ಬೆರಳು ಮಡಚಿದರೆ ಐದೇ. ಒಂದು ತಿಂಗಳು ನನ್ನ ಲೆಕ್ಕದಿಂದ ಜಾರಿಹೋಗಿತ್ತು.

ಮರುದಿನ ಬೆಳಿಗ್ಗೆ ನಮ್ಮೂರ ಪುರೋಹಿತರ ಮನೆಗೆ ಹೋಗಿ ಕೇಳಿದೆ. ಅವರು ತಮ್ಮ ತಂದೆಯ ಕಾಲದ ಪಂಚಾಂಗಗಳ ಕಟ್ಟನ್ನು ಬಿಚ್ಚಿ, ಪ್ರಜೋತ್ಪತ್ತಿಯದನ್ನು ಹುಡುಕಿ ತೆಗೆದು, “ಆ ವರ್ಷ ಅಧಿಕ ಆಷಾಢ ಬಂದಿತ್ತು ಮಾಸ್ತರೇ, ಇಲ್ಲಿ ನೋಡಿ” ಎಂದು ತೋರಿಸಿದರು. ಜೂನ್ ನಡುವಿನಿಂದ ಜುಲೈ ನಡುವಿನವರೆಗೆ ಸೂರ್ಯ ಸಂಕ್ರಮಣವಿಲ್ಲದ ಮಾಸ. ಅಜ್ಜನ ಪುಸ್ತಕದಲ್ಲಿ ಅದು ಇಲ್ಲದಿರಲು ಕಾರಣ ಗೆದ್ದಲು. ಆ ಜಾಗದ ಹಾಳೆಗಳು ಹೊಲಿಗೆಯವರೆಗೂ ಸವೆದುಹೋಗಿದ್ದವು, ಮಳೆಗಾಲದಲ್ಲಿ ವ್ಯವಹಾರವೇ ಕಡಿಮೆ ಎಂದು ನಾನು ಅದನ್ನು ಗಣನೆಗೆ ತಂದುಕೊಂಡಿರಲಿಲ್ಲ. ಅಧಿಕ ಮಾಸವನ್ನು ಸೇರಿಸಿ ಎಣಿಸಿದಾಗ ಭಾದ್ರಪದ ವದ್ಯ ದಶಮಿ ಅಕ್ಟೋಬರ್ 6ಕ್ಕೆ ಬಂದಿತು. ವಾರ, ಮಂಗಳವಾರ. ಅಜ್ಜ ಸರಿಯಾಗಿಯೇ ಬರೆದಿದ್ದರು.

ಚೀಟಿಯನ್ನು ಕಿತ್ತು ಒಂದು ತಿಂಗಳ ಬಲಕ್ಕೆ ಅಂಟಿಸಿದ್ದು ಎರಡು ನಿಮಿಷದ ಕೆಲಸ. ಆದರೆ ಕಥೆ ಪೂರ್ತಿ ತಿರುಗಿಬಿದ್ದಿತು. ಪಾಟಲಿ ಹೋದದ್ದು ಚಿನ್ನದ ಬೆಲೆ ಏರುವುದಕ್ಕೆ ಮುಂಚೆಯಲ್ಲ, ಏರಿದ ಎರಡು ವಾರಕ್ಕೆ, ಏರಿದ್ದರಿಂದಲೇ. ಅತ್ತೆಯ ಬಳಿಗೆ ಮತ್ತೆ ಹೋಗಿ ನಾನು ಹೇಳಿದ್ದು ತಪ್ಪೆಂದು ಒಪ್ಪಿಕೊಂಡೆ. ಆಗ ಅವರಿಗೆ ಇನ್ನಷ್ಟು ನೆನಪಾಯಿತು: ಆ ಮಳೆಗಾಲದ ಕೊನೆಯಲ್ಲಿ ಚಿನ್ನ ಕೊಳ್ಳುವವರು ಸಣ್ಣ ತಕ್ಕಡಿ ಹಿಡಿದು ಮನೆ ಮನೆಗೆ ಬರುತ್ತಿದ್ದರು, ಸಾವಕಾರರೇ ಅವರನ್ನು ಕರೆತಂದು ಜಗಲಿಯಲ್ಲಿ ಕೂರಿಸಿದ್ದರು, ಆಯಿ ಒಳಗೆ ಹೋಗಿ ಕೈಗೆ ಸೀಗೆನೀರು ಹಚ್ಚಿ ಪಾಟಲಿಯನ್ನು ಜಾರಿಸಿ ತಂದಿದ್ದರು.

ಇದು ನಮ್ಮ ಒಂದು ಮನೆಯ ಸಂಗತಿಯಲ್ಲ. ಆ ಸೆಪ್ಟೆಂಬರಿನಿಂದ ದೇಶದ ಮೂಲೆ ಮೂಲೆಗಳ ಬಳೆ, ಸರ, ಡಾಬುಗಳು ಕರಗಿ ಗಟ್ಟಿಯಾಗಿ ಮುಂಬಯಿಯನ್ನು ಸೇರಿ ಹಡಗು ಹತ್ತಿದವು. 1931–32ರ ಒಂದೇ ಹಣಕಾಸಿನ ವರ್ಷದಲ್ಲಿ ಹೀಗೆ ಹೊರಹೋದ ಚಿನ್ನದ ಬೆಲೆ ಸುಮಾರು 58 ಕೋಟಿ ರೂಪಾಯಿ. ಅದು ಇಂಗ್ಲೆಂಡಿನ ಪೌಂಡಿಗೆ ಆನಿಕೆಯಾಯಿತು. ರಫ್ತನ್ನು ತಡೆಯಬೇಕೆಂದು ಇಲ್ಲಿನ ವರ್ತಕರೂ ಕಾಂಗ್ರೆಸ್ಸಿನವರೂ ಒತ್ತಾಯಿಸಿದರು, ಸರಕಾರ ಒಪ್ಪಲಿಲ್ಲ. ಒಳ್ಳೆಯ ಬೆಲೆ ಬಂದಾಗ ಜನ ಮಾರಿ ಲಾಭ ಪಡೆದರೆ ತಪ್ಪೇನು ಎಂಬುದು ಸರಕಾರದ ಕಡೆಯವರ ವಾದ, ಅದು ಸಂಕಟಕ್ಕೆ ಸಿಕ್ಕವರ ಚಿನ್ನ ಎಂಬುದು ಇತ್ತಣವರ ವಾದ. ಅರ್ಥಶಾಸ್ತ್ರಜ್ಞರು ಇಂದಿಗೂ ಎರಡೂ ಬದಿಯಲ್ಲಿದ್ದಾರೆ. ಬೆಲೆ ಏರಿದ್ದರಿಂದ ನಮ್ಮ ಮನೆಯವರಿಗೆ ತೊಲೆಗೆ ಎರಡು ರೂಪಾಯಿ ಹೆಚ್ಚು ಸಿಕ್ಕಿತು ಎಂಬುದು ನಿಜ, ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಬಂದ 117 ರೂಪಾಯಿ 8 ಆಣೆಯಲ್ಲಿ 110 ಅದೇ ದಿನ, ಅದೇ ಜಗಲಿಯಲ್ಲಿ ಸಾವಕಾರರ ಕೈಗೆ ಹೋಯಿತು. ಆ ವರ್ಷದ ಕೊನೆಯ ಹೊತ್ತಿಗೆ ದರ ಇನ್ನಷ್ಟು ಏರಿತ್ತು. ಇನ್ನೆರಡು ತಿಂಗಳು ಇಟ್ಟುಕೊಂಡಿದ್ದರೆ ಎಂದು ನಾನು ಅತ್ತೆಯ ಮುಂದೆ ಬಾಯಿ ತಪ್ಪಿ ಆಡಿದೆ. “ಇಟ್ಕಂಬಲೆ ಅವರು ಬಿಡಕಲ” (ಇಟ್ಟುಕೊಳ್ಳಲು ಅವರು ಬಿಡಬೇಕಲ್ಲ) ಎಂದಷ್ಟೇ ಹೇಳಿ ಅವರು ಎಲೆಗೆ ಸುಣ್ಣ ಹಚ್ಚತೊಡಗಿದರು. ಲಾಭದ ಚಿನ್ನವೋ ಸಂಕಟದ ಚಿನ್ನವೋ ಎಂಬ ವಾದದಲ್ಲಿ ನಾನು ನಿಲ್ಲುವ ಬದಿ ಆ ದಿನ ಗೊತ್ತಾಯಿತು.

ಉಳಿದ ಮೂರು ತಿಂಗಳನ್ನು ಜೋಡಿಸುವಾಗ ಗ್ರಹಣದ ದಿನವೇ ನನಗೆ ಗೂಟವಾಯಿತು. ಅದನ್ನು ಹಿಡಿದು ಹಿಂದಕ್ಕೂ ಮುಂದಕ್ಕೂ ಎಣಿಸಿ, ಶ್ರಾವಣದಿಂದ ಈಚಿನ ಪ್ರತಿಯೊಂದು ಚೀಟಿಯನ್ನೂ ಒಂದು ತಿಂಗಳು ಸರಿಸಿದೆ. ಸೆಪ್ಟೆಂಬರ್ 26ರಂದು ಗಾಂಧೀಜಿ ಲಂಕಾಶಯರಿನ ಡಾರ್ವೆನ್ನಿನಲ್ಲಿದ್ದರು. ವಿದೇಶಿ ಬಟ್ಟೆಯ ಬಹಿಷ್ಕಾರದಿಂದಲೂ ಮುಗ್ಗಟ್ಟಿನಿಂದಲೂ ಕೆಲಸ ಕುಗ್ಗಿದ್ದ ಗಿರಣಿಗಳ ಹೆಂಗಸರು ಅವರನ್ನು ಸುತ್ತುವರಿದು ಸಂತೋಷದಿಂದ ಕೂಗುತ್ತಿರುವ ಛಾಯಾಚಿತ್ರ ಆ ದಿನದ್ದು. ಅದೇ ರಾತ್ರಿ ನಮ್ಮ ಅಂಗಳದಲ್ಲಿ ಗ್ರಹಣದ ದಾನ ಕೊಟ್ಟಿದ್ದಾರೆ. ಕಾರವಾರದಲ್ಲಿ ಮುಳಿಯ ತಿಮ್ಮಪ್ಪಯ್ಯನವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದೂ ಇದೇ ಇಸವಿಯಲ್ಲಿ. ನಮ್ಮ ಜಿಲ್ಲೆಯದೇ ಸಂಗತಿಯಾದ್ದರಿಂದ ಅದಕ್ಕೂ ಒಂದು ಚೀಟಿ ಬರೆದೆ.

ನವೆಂಬರ್ 10, ಮಂಗಳವಾರ, ಬಲಿಪಾಡ್ಯಮಿ. ಹಳೆಯ ಪುಸ್ತಕ ಅಲ್ಲಿಗೆ ಮುಗಿದು ಹೊಸದು ಆರಂಭವಾಗುತ್ತದೆ. ಶ್ರೀಕಾರದ ಕೆಳಗೆ ಹಿಂದಿನ ಬಾಕಿಯನ್ನು ಎಳೆದು ತಂದು ಬರೆದಿದ್ದಾರೆ: ಸಾವಕಾರರಿಗೆ ಕೊಡತಕ್ಕದ್ದು ಇನ್ನೂ ಇತ್ತು. ಡಿಸೆಂಬರ್ 1ರಂದು ದುಂಡುಮೇಜಿನ ಪರಿಷತ್ತು ಫಲವಿಲ್ಲದೆ ಕೊನೆಗೊಂಡಿತು. 11ರಂದು ಬ್ರಿಟನ್ನಿನ ಸಂಸತ್ತು ಕೆನಡಾ, ಆಸ್ಟ್ರೇಲಿಯಾ ಮುಂತಾದ ಅಧೀನ ರಾಜ್ಯಗಳಿಗೆ ತಮ್ಮ ಕಾನೂನನ್ನು ತಾವೇ ಮಾಡಿಕೊಳ್ಳುವ ಪೂರ್ಣ ಅಧಿಕಾರವನ್ನು ಕೊಟ್ಟಿತು, ಹಿಂದುಸ್ಥಾನದ ಹೆಸರು ಅದರಲ್ಲಿರಲಿಲ್ಲ. 13ರಂದು ಜಪಾನ್ ಕೂಡ ಚಿನ್ನದ ಪ್ರಮಾಣವನ್ನು ಬಿಟ್ಟಿತು. 28ರಂದು ಗಾಂಧೀಜಿ ಮುಂಬಯಿಯಲ್ಲಿ ಹಡಗಿನಿಂದ ಇಳಿದರು. ಇನ್ನೊಂದು ವಾರದಲ್ಲಿ, 1932ರ ಜನವರಿ 4ರಂದು, ಅವರನ್ನು ಬಂಧಿಸಿದರು. ಅದು ನನ್ನ ಕಾಗದದ ಆಚೆಗೆ ಬೀಳುವ ದಿನವಾದ್ದರಿಂದ ಗೋಡೆಯ ಸುಣ್ಣದ ಮೇಲೆಯೇ ಪೆನ್ಸಿಲಿನಿಂದ ಬರೆದೆ.

ಡಿಸೆಂಬರ್ 31ಕ್ಕೆ ಪುಸ್ತಕದಲ್ಲಿದ್ದದ್ದು ಉಪ್ಪು ಎರಡು ಸೇರು ಮತ್ತು ಒಂದು ಬೆಂಕಿಪೆಟ್ಟಿಗೆ. ಹಾಗೆಯೇ ಬರೆದು, ಗಂಜಿ ಹಚ್ಚಿ, ಕೊನೆಯ ಕಾಗದದ ಕೆಳಪಟ್ಟೆಯಲ್ಲಿ ಅಂಟಿಸಿದೆ.